ಜೂನ್ ಒಂದರಂದು ಹುಟ್ಟದ ಅಕ್ಕ

ಸರ್ಕಾರದ ಕಾಗದಗಳನ್ನು ನಂಬುವುದಾದರೆ ನಮ್ಮ ಸೇಡಂ ತಾಲೂಕಿನ ಗರ್ಭಿಣಿಯರೆಲ್ಲ ಜೂನ್ ಒಂದನೆಯ ತಾರೀಖಿಗಾಗಿ ಕಾದು ಕೂತಿರುತ್ತಿದ್ದರು. ಆ ದಿನ ಬೆಳಗಾಯಿತೋ ಇಲ್ಲವೋ, ಮನೆ ಮನೆಯಲ್ಲೂ ಹೆರಿಗೆ. ನಾನು ಹುಟ್ಟಿದ್ದು ಜೂನ್ ಒಂದು. ನನ್ನ ಗಂಡ ಹುಟ್ಟಿದ್ದು ಜೂನ್ ಒಂದು. ನಮ್ಮ ಓಣಿಯ ಪೋಸ್ಟ್‌ಮನ್ನು, ಅವನ ಇಬ್ಬರು ತಮ್ಮಂದಿರು, ಆಡಕಿ ಊರಿನಿಂದ ಹಾಲು ತರುವವನ ಮಗಳು, ಎಲ್ಲರೂ ಜೂನ್ ಒಂದು. ಪತ್ರಿಕೆಯಲ್ಲಿ ‘ಚರಿತ್ರೆಯಲ್ಲಿ ಈ ದಿನ’ ಎಂದು ಒಂದು ಸಣ್ಣ ಚೌಕ ಬರುತ್ತದಲ್ಲ, ವರ್ಷಕ್ಕೊಮ್ಮೆ ಆ ದಿನ ಅದನ್ನು ಆಸೆಯಿಂದ ನೋಡುತ್ತೇನೆ. ಯಾವುದೋ ದೇಶದ ರಾಜ ಪಟ್ಟವೇರಿದ್ದು, ಯಾವುದೋ ಸಮುದ್ರದಲ್ಲಿ ಹಡಗು ಮುಳುಗಿದ್ದು ಎಲ್ಲ ಇರುತ್ತದೆ. ನಮ್ಮ ಕಡೆಯ ಅರ್ಧ ಜನ ಒಂದೇ ದಿನ ಹುಟ್ಟಿದ ದೊಡ್ಡ ಸಂಗತಿ ಮಾತ್ರ ಇವತ್ತಿನವರೆಗೆ ಬಂದಿಲ್ಲ.

ಇದು ಶಾಲೆಯ ಹೆಡ್‌ಮಾಸ್ತರರ ಕೃಪೆ. ಜೂನಿನಲ್ಲಿ ಶಾಲೆ ತೆರೆಯುತ್ತಿತ್ತು. ಮಗುವನ್ನು ಕರೆತಂದವರನ್ನು ಹುಟ್ಟಿದ ತಾರೀಖು ಕೇಳಿದರೆ ‘ಜ್ವಾಳದ ರಾಶಿ ನಡದಿತ್ರಿ’ ಎಂದೋ ‘ನಮ್ಮ ಕರಿ ಎಮ್ಮಿ ಈದಿತ್ತಲ್ರಿ, ಆವಾಗ’ ಎಂದೋ ಹೇಳುತ್ತಿದ್ದರು. ದಾಖಲೆ ಪುಸ್ತಕದಲ್ಲಿ ಎಮ್ಮೆಗೆ ಕಾಲಂ ಇರಲಿಲ್ಲ. ಆದ್ದರಿಂದ ಮಾಸ್ತರರು ಮಗುವಿನ ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿಸುತ್ತಿದ್ದರು. ಮುಟ್ಟಿದರೆ ಆರು ವರ್ಷ, ಮುಟ್ಟದಿದ್ದರೆ ಐದು. ತಾರೀಖು ಹೇಗೂ ಸಿದ್ಧವೇ ಇತ್ತು.

ನಾನೂ ಅಕ್ಕನೂ ಶಾಲೆಗೆ ಸೇರಿದ್ದು ಐವತ್ತಾರರಲ್ಲಿ. ಆ ವರ್ಷದ ನವೆಂಬರಿನಲ್ಲಿ ನಮ್ಮ ತಾಲೂಕು ಹೈದರಾಬಾದ್ ರಾಜ್ಯವನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಅದಕ್ಕೆ ಐದು ತಿಂಗಳು ಮೊದಲೇ ನಮ್ಮ ಮನೆಯಲ್ಲಿ ಅದಕ್ಕಿಂತ ದೊಡ್ಡ ಅದಲುಬದಲು ನಡೆದುಹೋಗಿತ್ತು. ಅಪ್ಪ ನಮ್ಮಿಬ್ಬರನ್ನೂ ಒಂದೇ ದಿನ ಶಾಲೆಗೆ ಕರೆದೊಯ್ದರು. ಅಕ್ಕ ನನಗಿಂತ ಒಂದು ವರ್ಷಕ್ಕೂ ಮಿಕ್ಕಿ ದೊಡ್ಡವಳು. ನಾನು ಕೈಕಾಲು ಉದ್ದ ಇದ್ದವಳು, ಒಂದೇ ಏಟಿಗೆ ಕಿವಿ ಮುಟ್ಟಿದೆ. ಅಕ್ಕನಿಗೆ ಹಿಂದಿನ ವಾರವಷ್ಟೇ ಕಿವಿ ಚುಚ್ಚಿಸಿದ್ದರು. ಕಿವಿ ಊದಿತ್ತು, ಬೇವಿನ ಕಡ್ಡಿ ಸಿಕ್ಕಿಸಿದ್ದರು. ಅವಳ ಕೈ ತಲೆಯ ಮೇಲಿಂದ ಬಂತು, ಕಿವಿಯಿಂದ ಎರಡು ಬೆರಳು ದೂರದಲ್ಲಿ ನಿಂತಿತು. ಎಷ್ಟು ಹೇಳಿದರೂ ಮುಂದೆ ಬರಲಿಲ್ಲ.

‘ಗುರುಗಳ, ದೊಡ್ಡಾಕಿ ಇಕಿ ಅದಾಳ್ರಿ’ ಎಂದರು ಅಪ್ಪ. ಅಪ್ಪ ಅರಿವೆ ಅಂಗಡಿಯ ಕಟ್ಟೆಯ ಮೇಲೆ ಮಷೀನು ಇಟ್ಟುಕೊಂಡಿದ್ದ ದರ್ಜಿ. ಓದಿದವರ ಎದುರು ಅವರ ದನಿ ಅರ್ಧಕ್ಕೆ ಇಳಿಯುತ್ತಿತ್ತು.

‘ನೀ ಅಳತಿ ತಗೊಂಡು ಅಂಗಿ ಹೊಲೀತಿ, ನಾ ಏನರ ಅಂತೀನೇನು?’ ಎಂದರು ಮಾಸ್ತರರು. ‘ಇದು ನನ್ನ ಅಳತಿ. ಕೈ ಸುಳ್ಳು ಹೇಳಂಗಿಲ್ಲ.’

ಹಾಗೆ ನಾನು ಆರು ವರ್ಷದ ಅಕ್ಕನಾದೆ, ಅವಳು ಐದು ವರ್ಷದ ತಂಗಿಯಾದಳು. ಇಬ್ಬರೂ ಒಂದೇ ತರಗತಿಯಲ್ಲಿ ಕೂತೆವು. ಮನೆಯಲ್ಲಿ ಜಗಳವಾದಾಗಲೆಲ್ಲ ನಾನು ದಾಖಲೆ ಪುಸ್ತಕದ ಅಧಿಕಾರ ಚಲಾಯಿಸುತ್ತಿದ್ದೆ. ‘ಏ ತಂಗಿ, ಒಂದು ಚರಿಗಿ ನೀರು ತಾ’ ಎನ್ನುತ್ತಿದ್ದೆ. ಅವಳು ನೀರು ತರುತ್ತಿದ್ದಳು, ನನ್ನ ತಲೆಯ ಮೇಲೆ ಸುರಿಯಲು.

ಹತ್ತು ವರ್ಷ ಇದೊಂದು ನಗೆಯ ಮಾತಾಗಿಯೇ ಇತ್ತು. ಮೆಟ್ರಿಕ್ ಮುಗಿದ ಮೇಲೆ ನಗು ನಿಂತಿತು. ಅಕ್ಕನಿಗೆ ಮಾಸ್ತರಾಗಬೇಕೆಂಬ ಹುಚ್ಚು. ಓಣಿಯ ಮಕ್ಕಳನ್ನೆಲ್ಲ ಕೂಡಿಸಿ ಗೋಡೆಯ ಮೇಲೆ ಇದ್ದಿಲಿನಿಂದ ಬರೆದು ಪಾಠ ಹೇಳುತ್ತಿದ್ದಳು. ಕೇಳುವವರು ಸಿಗದ ದಿನ ನನಗೇ ಹೇಳುತ್ತಿದ್ದಳು, ನಾನು ಅದೇ ಪಾಠ ಅದೇ ತರಗತಿಯಲ್ಲಿ ಕೇಳಿ ಬಂದಿದ್ದರೂ. ಗುಲಬರ್ಗಾದಲ್ಲಿ ಶಿಕ್ಷಕರ ತರಬೇತಿಗೆ ಅರ್ಜಿ ಕರೆದರು. ಅದಕ್ಕೆ ಇಂತಿಷ್ಟು ವಯಸ್ಸು ತುಂಬಿರಬೇಕಿತ್ತು. ನನಗೆ ವಯಸ್ಸಿತ್ತು, ಅಂಕಗಳಿರಲಿಲ್ಲ. ಅವಳಿಗೆ ಅಂಕಗಳಿದ್ದವು, ಕಾಗದದ ಮೇಲೆ ಒಂದು ವರ್ಷ ಕಡಿಮೆ ಬಿತ್ತು.

ಒಂದು ವರ್ಷ ಕಾಯಬಹುದಿತ್ತು, ಆದರೆ ಚಿಂಚೋಳಿ ತಾಲೂಕಿನ ಐನಾಪುರದಿಂದ ಬಂದ ಸಂಬಂಧ ಕಾಯುವಂತಿರಲಿಲ್ಲ. ಗಂಡಿನ ಕಡೆಯವರು ಎರಡು ಸಲ ಬಂದು ಚಹಾ ಕುಡಿದು ಹೋಗಿದ್ದರು. ಅಪ್ಪ ಒಂದೇ ಮಾತು ಹೇಳಿದರು, ‘ಈ ವರ್ಷ ಸೀಟು ಸಿಕ್ರ ಕಲೀಲಿ. ಸಿಗಲಿಲ್ಲಂದ್ರ ದೀಪಾವಳಿ ಆದ ಮ್ಯಾಲ ಲಗ್ನ.’ ಅಕ್ಕ ಎರಡು ದಿನ ಊಟ ಬಿಟ್ಟಳು. ಮೂರನೆಯ ದಿನ ಎದ್ದು, ‘ಆ ಮಾಸ್ತರ್‍ರು ಎಲ್ಲಿ ಅದಾರ, ಹುಡುಕ್ರಿ’ ಎಂದಳು.

ಮಾಸ್ತರರು ನಿವೃತ್ತರಾಗಿ ಚಿತ್ತಾಪುರದಲ್ಲಿದ್ದರು. ಅಪ್ಪ, ಅಕ್ಕ, ನಾನು ಮೂವರೂ ವಾಡಿ ಕಡೆ ಹೋಗುವ ಪ್ಯಾಸೆಂಜರ್ ಹತ್ತಿದೆವು. ಅವರು ಬಾಗಿಲಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದರು. ಅಪ್ಪ ಹೇಳಿದ್ದನ್ನೆಲ್ಲ ಕೇಳಿ, ಅಕ್ಕನನ್ನು ಎದುರಿಗೆ ನಿಲ್ಲಿಸಿ, ‘ಎಲ್ಲಿ, ಕಿವಿ ಮುಟ್ಟು’ ಎಂದರು. ಹದಿನೇಳು ತುಂಬಿ ಹದಿನೆಂಟಕ್ಕೆ ಬಿದ್ದ ಅಕ್ಕ ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿಯನ್ನು ಪೂರ್ತಿ ಹಿಡಿದು ತೋರಿಸಿದಳು.

‘ಈಗ ಮುಟ್ಟತದಲ್ಲ. ಆವಾಗ ಯಾಕ ಮುಟ್ಟಲಿಲ್ಲ?’

‘ಆವಾಗ ಕಿವಿ ಹುಣ್ಣಾಗಿತ್ರಿ.’

ಮಾಸ್ತರರು ಬಹಳ ಹೊತ್ತು ಶೇಂಗಾ ಸುಲಿದರು. ಆಮೇಲೆ, ‘ನಾ ಕೈ ನೋಡಿನಿ, ಕಿವಿ ನೋಡಲಿಲ್ಲ’ ಎಂದರು. ಅಷ್ಟು ಒಪ್ಪಿಕೊಂಡದ್ದೇ ದೊಡ್ಡದು. ದಾರಿಯನ್ನೂ ಅವರೇ ಹೇಳಿಕೊಟ್ಟರು. ತಹಶೀಲ್ದಾರ್ ಸಾಹೇಬರಿಗೆ ಅರ್ಜಿ ಕೊಡಬೇಕು, ಹುಟ್ಟಿದ ದಿನ ಇಂಥದೇ ಎಂದು ಹೇಳಬೇಕು, ಹೆರಿಗೆಯ ಹೊತ್ತಿಗೆ ಹತ್ತಿರವಿದ್ದ ಹೊರಗಿನವರು ಬಂದು ಪ್ರಮಾಣ ಮಾಡಬೇಕು. ತಂದೆತಾಯಿಯ ಮಾತು ನಡೆಯುವುದಿಲ್ಲ.

ದಿನ ಯಾವುದೆಂದು ಅವ್ವನಿಗೆ ಗೊತ್ತಿತ್ತು. ಅವಳಿಗೆ ತಾರೀಖು ಬಾರದು, ಆದರೆ ಆ ದಿನ ಸರಿಯಾಗಿ ನೆನಪಿತ್ತು. ‘ಅನಂತನ ಹುಣ್ಣಿಮಿ ಸುಮಾರ. ಮೂರು ದಿನದಿಂದ ರೈಲು ಬಂದ್ ಆಗಿದ್ವು, ನಿಮ್ಮಪ್ಪ ಶಹಾಬಾದದಾಗ ಸಿಕ್ಕೊಂಡಿದ್ರು. ಸಂಜಿಕಿ ಸಾವ್ಕಾರ್ ಮನಿ ರೇಡಿಯೋದಾಗ ನಿಜಾಮ ಸೋತಾನಂತ ಬಂತು. ಓಣಿ ಮಂದಿ ಎಲ್ಲಾ ಅಲ್ಲೇ ಓಡಿದ್ರು. ನನ್ನ ಬ್ಯಾನಿ ಯಾರಿಗಿ ಬೇಕಾಗಿತ್ತು. ಸೂಲಗಿತ್ತಿನೂ ರೇಡಿಯೋ ಕೇಳ್ಲಿಕ್ಕ ಹೋಗಿದ್ದಳು.’

ಅಂದರೆ ಸಾವಿರದ ಒಂಬೈನೂರ ನಲವತ್ತೆಂಟು, ಸೆಪ್ಟೆಂಬರ್ ಹದಿನೇಳು. ಆ ತಾರೀಖು ನಮ್ಮ ಕಡೆ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಹೈದರಾಬಾದ್ ಸಂಸ್ಥಾನ ಮುಗಿದ ದಿನ. ಅದನ್ನು ಎತ್ತಿದರೆ ಸಾಕು, ಹಿರಿಯರೆಲ್ಲ ತಾವು ಆವತ್ತು ಎಲ್ಲಿದ್ದೆವು, ಏನು ಉಣ್ಣುತ್ತಿದ್ದೆವು ಎಂದು ಶುರು ಮಾಡುತ್ತಾರೆ. ಅಕ್ಕನಿಗಂತೂ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ನಾವೆಲ್ಲ ಜೂನ್ ಒಂದರ ಮಂದೆ, ತಾನೊಬ್ಬಳೇ ಚರಿತ್ರೆಯಲ್ಲಿ ಹುಟ್ಟಿದವಳು. ಎರಡು ದಿನ ಅವಳು ನನ್ನೊಡನೆ ಮಾತಾಡುವಾಗ ಗದ್ದ ಸ್ವಲ್ಪ ಮೇಲೆತ್ತಿಕೊಂಡೇ ಮಾತಾಡಿದಳು. ನನ್ನ ಹತ್ತು ವರ್ಷದ ಅಕ್ಕತನ ಆ ಎರಡು ದಿನದಲ್ಲಿ ಹೋಯಿತು.

ಸಾಕ್ಷಿಯೂ ದೂರ ಇರಲಿಲ್ಲ. ಆ ಸಂಜೆ ಅವ್ವನ ಕೂಗು ಕೇಳಿ ಹಿತ್ತಿಲ ಗಿಡ್ಡ ಗೋಡೆ ದಾಟಿ ಬಂದು ಅಕ್ಕನನ್ನು ಕೈಯಲ್ಲಿ ಹಿಡಿದವಳು ಪಕ್ಕದ ಮುಸಲ್ಮಾನರ ಮನೆಯ ಖಾಲಾ; ಅವರ ಮಾತಿನಲ್ಲಿ ಹಾಗೆಂದರೆ ಚಿಕ್ಕವ್ವ. ಅಪ್ಪ ಹೊಲಿದ ಅಂಗಿಗಳಿಗೆ ಕಾಜ ಹಾಕಿ ಗುಂಡಿ ಹಚ್ಚುವುದು ಅವಳ ಕೆಲಸ. ಗಂಡ ಹೈದರಾಬಾದಿನಲ್ಲಿ ಜಡ್ಡು ಬಂದು ತೀರಿಕೊಂಡಿದ್ದರೆಂದು ನಾವು ಕೇಳಿದ್ದೆವು, ಮಕ್ಕಳಿರಲಿಲ್ಲ. ಅಕ್ಕನನ್ನು ರೇಗಿಸುವುದು ಅವಳಿಗೆ ದಿನದ ಕೆಲಸಗಳಲ್ಲೊಂದು. ‘ನಿನ್ನ ಮಾರಿ ಮೊದಲ ನೋಡಿದಾಕಿ ನಾ. ಆವಾಗೂ ಹಿಂಗೇ ಗಂಟು ಹಾಕ್ಕೊಂಡಿದ್ದಿ’ ಎನ್ನುತ್ತಿದ್ದಳು. ಅಕ್ಕ ಮುಖವನ್ನು ಇನ್ನಷ್ಟು ಗಂಟು ಹಾಕುತ್ತಿದ್ದಳು.

ಕಚೇರಿಗೆ ಬರಬೇಕೆಂದು ಅಪ್ಪ ಕೇಳಿದಾಗ ಮಾತ್ರ ಖಾಲಾ ರೇಗಿಸಲಿಲ್ಲ. ಹಲ್ಲಿನಿಂದ ದಾರ ಕಡಿದು, ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು, ‘ತಾರೀಖು ನಾನೇ ಹೇಳಬೇಕಾಗ್ತದೇನು?’ ಎಂದಳು. ಹೌದೆಂದರು ಅಪ್ಪ. ‘ಬರ್ತೀನಿ’ ಎಂದಳು. ಅವಳಿಗೆ ಕಚೇರಿಯೆಂದರೆ ಹೆದರಿಕೆ ಎಂದು ನಾನು ತಿಳಿದೆ. ಎಲ್ಲರನ್ನೂ ಮೂಗು ಹಿಡಿದು ಆಡಿಸುವ ಖಾಲಾ ಸಾಹೇಬರ ಮೇಜಿಗೆ ಹೆದರುತ್ತಾಳೆಂದು ಅಕ್ಕನ ಮುಂದೆ ನಕ್ಕದ್ದೂ ಉಂಟು. ಆ ನಗುವಿಗೆ ಇವತ್ತಿಗೂ ನಾಚಿಕೆಪಡುತ್ತೇನೆ.

ಸಾಹೇಬರು ಮೈಸೂರು ಕಡೆಯವರು, ಬಂದು ಹೆಚ್ಚು ದಿನ ಆಗಿರಲಿಲ್ಲ. ನಾವು ಕನ್ನಡದಲ್ಲೇ ಮಾತಾಡಿದರೂ ಅವರ ಹುಬ್ಬು ಮೇಲೆ ಏರಿಯೇ ಇರುತ್ತಿತ್ತು. ಅರ್ಜಿ ಓದಿ ನಕ್ಕರು.

‘ಏನಮ್ಮಾ, ಈ ಕಡೆಯವರೆಲ್ಲ ಒಂದೋ ಜೂನ್ ಒಂದನೇ ತಾರೀಖು ಹುಟ್ಟಿರ್ತೀರಿ, ಇಲ್ಲ ಸೆಪ್ಟೆಂಬರ್ ಹದಿನೇಳು. ಮಧ್ಯದಲ್ಲಿ ಯಾರೂ ಹುಟ್ಟೋದೇ ಇಲ್ವಾ?’

ಅಪ್ಪ ಅದಕ್ಕೂ ‘ಹೌದ್ರಿ’ ಎಂದರು. ನಾನು ಸೆರಗು ಕಚ್ಚಿ ನಗು ತಡೆದೆ. ತಿದ್ದುಪಡಿಗೆ ಬಂದವರೆಲ್ಲ ನೆನಪಿಗೆ ಸುಲಭವೆಂದು ಅದೇ ದಿನ ಹೇಳುತ್ತಾರೆ, ಅದರಿಂದ ಬರೀ ತಾರೀಖು ಕೇಳಿ ತಾವು ನಂಬುವುದಿಲ್ಲ ಎಂದರು ಸಾಹೇಬರು. ಆಮೇಲೆ ಖಾಲಾನ ಕಡೆ ತಿರುಗಿದರು.

‘ಅದೇ ದಿನ ಅಂತ ನೀವು ಹೇಗೆ ಹೇಳ್ತೀರಿ? ಮುಂಚಿನ ದಿನ ಇರಬಹುದು, ಮಾರನೇ ದಿನ ಇರಬಹುದು.’

ಖಾಲಾ ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಂಡಳು. ‘ಅದೇ ದಿನ ಸಾಬ್. ಅವತ್ತ ಮಧ್ಯಾಹ್ನ ನಮ್ಮ ಮನಿಯವರು ಹೋದ್ರು. ಇದೇ ಕಚೇರಿದಾಗ ಚಪರಾಸಿ ಇದ್ರು. ಸರ್ಕಾರ ಬಿತ್ತಂದ್ರ ನಮ್ಮಂಥವರಿಗಿ ಏನಾಗ್ತದೋ ಅಂತ ಅಂಜಿಕಿ. ಗದ್ದಲ ತಣ್ಣಗಾದ ಮ್ಯಾಲ ಬರ್ತೀನಂತ ಹೇಳಿ ತಾಂಡೂರ ಕಡಿ ನಡಕೊಂತ ಹೋದ್ರು. ಸಂಜಿತನಾ ನಾ ಹಿತ್ತಲದಾಗ ನಿಂತಿದ್ದೆ. ಆವಾಗ ಇಕಿ ಅವ್ವ ಒದರಿದಳು. ಹೋದೆ.’

‘ಬಂದರಾ ಅವರು?’

‘ಇಲ್ಲ ಸಾಬ್.’

ಸಾಹೇಬರು ಪೆನ್ನನ್ನು ಮೇಜಿನ ಮೇಲೆ ಇಟ್ಟರು. ನಾನು ಅಪ್ಪನ ಕಡೆ ನೋಡಿದೆ. ಅಪ್ಪ ನೆಲ ನೋಡುತ್ತಿದ್ದರು. ಅವರಿಗೆ ಗೊತ್ತಿತ್ತು. ಅವ್ವನಿಗೂ ಗೊತ್ತಿದ್ದಿರಬೇಕು. ಜಡ್ಡು ಬಂದು ತೀರಿಕೊಂಡರೆಂಬ ಮಾತು ನಮ್ಮಂಥ ಮಕ್ಕಳಿಗಾಗಿ ಓಣಿಯವರೆಲ್ಲ ಸೇರಿ ಇಟ್ಟುಕೊಂಡದ್ದು.

ಅಕ್ಕ ಮುಂದೆ ಬಂದಳು. ಗದ್ದ ಎತ್ತಿಕೊಂಡು ಬಂದಿದ್ದವಳ ಮುಖದಲ್ಲಿ ಈಗ ರಕ್ತವೇ ಇರಲಿಲ್ಲ. ‘ಸಾಹೇಬ್ರ, ಅದು ಬರೀಬ್ಯಾಡ್ರಿ. ಜೂನ್ ಒಂದೇ ಇರ್ಲಿ. ವರ್ಷ ಅಷ್ಟ ತಿದ್ದಿ ಕೊಡ್ರಿ.’

‘ಅದು ಆಗಲ್ಲಮ್ಮ. ಸಾಕ್ಷಿ ಇರೋದು ಈ ದಿನಕ್ಕೆ. ಇದು ಬೇಡ ಅಂದ್ರೆ ನಿನ್ನ ಅರ್ಜಿ ಇಲ್ಲಿಗೇ ಮುಗೀತು.’

‘ಮುಗೀಲ್ರಿ’ ಎಂದಳು ಅಕ್ಕ.

ಅವಳನ್ನು ನಾನು ಬಹಳ ರೇಗಿಸಿದ್ದೇನೆ, ಈಗಲೂ ರೇಗಿಸುತ್ತೇನೆ. ಆದರೆ ಆ ಒಂದು ಕ್ಷಣ ಅವಳು ನನ್ನ ಅಕ್ಕ ಎಂದು ನನಗೆ ಎಷ್ಟು ಹೆಮ್ಮೆಯಾಯಿತೆಂದರೆ ಅದನ್ನು ಅವಳಿಗೆ ಹೇಳುವ ಧೈರ್ಯ ಇನ್ನೂ ಬಂದಿಲ್ಲ. ತರಬೇತಿ, ಗುಲಬರ್ಗಾ, ಕರಿಹಲಗೆ ಎಲ್ಲವನ್ನೂ ಅವಳು ಒಂದೇ ಮಾತಿನಲ್ಲಿ ಬಿಟ್ಟುಕೊಟ್ಟು, ಐನಾಪುರಕ್ಕೆ ಹೋಗಲು ಸಿದ್ಧಳಾಗಿ ನಿಂತಿದ್ದಳು.

ಖಾಲಾ ಅವಳ ಮೊಣಕೈ ಹಿಡಿದು ಹಿಂದಕ್ಕೆ ಎಳೆದಳು. ಆಮೇಲೆ ಮೇಜಿನ ಹತ್ತಿರ ಹೋಗಿ, ಅಲ್ಲಿ ಬಿದ್ದಿದ್ದ ಪೆನ್ನನ್ನು ತಾನೇ ಎತ್ತಿ ಸಾಹೇಬರ ಮುಂದೆ ಹಿಡಿದಳು.

‘ಬರೀರಿ ಸಾಬ್. ಹದಿನೆಂಟು ವರ್ಷ ಆಗ್ಲಿಕ್ಕ ಬಂತು, ಆ ದಿನ ಬಂತಂದ್ರ ನಾ ಬಾಗಲಾ ಹಾಕ್ಕೊಂಡು ಕುಂದರ್ತೀನಿ. ಅವತ್ತ ನನ್ನ ಕೈಯಾಗ ಒಂದು ಕೂಸು ಹುಟ್ಯದ. ಅದೂ ಒಂದು ಮಾತು ಕಾಗದದಾಗ ಇರ್ಲಿ.’

ಸಾಹೇಬರು ಬರೆದರು. ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳಿದರು, ಅದು ನಿಯಮ. ಅರ್ಜಿದಾರಳು ಇಂಥ ದಿನ, ಇಂಥ ಊರಿನಲ್ಲಿ, ಈ ಸಾಕ್ಷಿದಾರಳ ಕೈಯಲ್ಲಿ ಜನಿಸಿದ್ದು ನಿಜ ಎಂದು. ಖಾಲಾ ಕಣ್ಣು ಮುಚ್ಚಿಕೊಂಡು ಕೇಳಿದಳು. ಸಹಿ ಮಾಡುವ ಮೊದಲು, ‘ಇನ್ನೊಂದು ಸಲ ಓದ್ರಿ’ ಎಂದಳು. ಅಕ್ಕ ಗೋಡೆಗೆ ಮುಖ ಮಾಡಿ ಅಳುತ್ತಿದ್ದಳು. ಸಾಹೇಬರು ಕಾಗದವನ್ನು ಮತ್ತೆ ಕೈಗೆತ್ತಿಕೊಂಡು, ಈ ಸಲ ಇನ್ನೂ ನಿಧಾನವಾಗಿ, ಮೊದಲಿಂದ ಓದಿದರು.