ಜಾಹೀರಾತು ಬೆನ್ನು ಹತ್ತಿದ ಫೋನ್

ಕೊರೋನಾ ಮುಗಿದು ಮನೆಗೊಂದು ಸ್ಮಾರ್ಟ್‌ಫೋನ್ ಬಂದಿದ್ದ ಕಾಲ. ನಾನು ಕೊಪ್ಪಳದ ಖಾಸಗಿ ಆಸ್ಪತ್ರೆಯೊಂದರಲ್ಲಿ ರಿಸರ್ಚ್ ಕೋಆರ್ಡಿನೇಟರ್ ಆಗಿದ್ದೆ. ಹೆಸರು ದೊಡ್ಡದು, ಕೆಲಸವೆಂದರೆ ಮೂರ್ಛೆರೋಗದ ಹೊಸ ಮಾತ್ರೆಯ ಅಧ್ಯಯನಕ್ಕೆ ಒಪ್ಪುವ ರೋಗಿಗಳನ್ನು ಹುಡುಕುವುದು. ನಮ್ಮ ಕಡೆ ಈ ರೋಗವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹಾಗಾಗಿ ಆ ಮಾತ್ರೆಯ ಕಂಪನಿಯವರು ಫೇಸ್‌ಬುಕ್‌ನಲ್ಲಿ ಜಾಹೀರಾತು ಹಾಕಿದರು: ‘ಫಿಟ್ಸ್ ಬರುತ್ತವೆಯೇ? ಇಲ್ಲಿ ಒತ್ತಿ.’

ಒತ್ತಿ ಕರೆ ಮಾಡಿದವರಲ್ಲಿ ತಾವರಗೇರಾದ ಸೊಸೆಯೊಬ್ಬಳಿದ್ದಳು. ಗಂಗಮ್ಮ ಎನ್ನೋಣ.

“ಇದು ನಮ್ಮ ಮನಿಯವರ ಫೋನ್ರಿ. ನನಗ ಫಿಟ್ಸ್ ಬರೋದು ಇಲ್ಲಿ ಯಾರಿಗೂ ಗೊತ್ತಿಲ್ರಿ, ಗುಳಿಗಿ ಅಕ್ಕಿ ಡಬ್ಬ್ಯಾಗ ಮುಚ್ಚಿಡ್ತೀನಿ. ನೀವು ತಿರುಗಿ ಫೋನ್ ಮಾಡಬ್ಯಾಡ್ರಿ. ಬೇವೂರಿಗೆ ತವರಿಗೆ ಬಂದಾಗ ನಾನ ಬರ್ತೀನಿ.”

ನಾನು ಹಾಕಿದ ಬೀಗವನ್ನೇ ಮತ್ತೆ ಮತ್ತೆ ಎಳೆದು ನೋಡುವ ಅಂಜುಬುರುಕ. ಆ ನಂಬರನ್ನು ಅಪ್ಪಿತಪ್ಪಿ ಒತ್ತಿಬಿಟ್ಟೇನೆಂದು ಫೋನನ್ನೇ ಡ್ರಾಯರಿನಲ್ಲಿಟ್ಟೆ. ಜಾಹೀರಾತಿಗೆ ನನ್ನಷ್ಟು ಅಳುಕಿರಲಿಲ್ಲ. ಒಮ್ಮೆ ಒತ್ತಿದ ಫೋನಿಗೆ ಅದು ಬರುತ್ತಲೇ ಇರುತ್ತದೆ. ಕಂಪನಿಯವರು ಇದನ್ನು ‘ರೀಟಾರ್ಗೆಟಿಂಗ್’ ಎನ್ನುತ್ತಾರೆ.

ಒಂದು ಬೆಳಿಗ್ಗೆ, ಜಾಹೀರಾತಿನಲ್ಲಿದ್ದ ವಿಳಾಸ ಹಿಡಿದು ಆಕೆಯ ಗಂಡನೇ ಬಂದ.

“ಸರ, ಕ್ರಿಕೆಟ್ ಹಚ್ಚಿದ್ರೂ ಇದ ಬರ್ತೈತಿ, ಹಾಡು ಹಚ್ಚಿದ್ರೂ ಇದ. ನನ್ನ ಫೋನಿಗೆ ಫಿಟ್ಸ್ ಬರ್ತಾವೇನ್ರಿ?”

ನಕ್ಕೆ. ಅವನು ನಗಲಿಲ್ಲ.

“ನನ್ನ ಹೇಣ್ತಿ ನಿಮಗ ಫೋನ್ ಮಾಡ್ಯಾಳೋ ಇಲ್ಲೋ? ಅಷ್ಟ ಹೇಳ್ರಿ.”

“ಯಾರ ವಿಷಯಾನೂ ಹೇಳಾಕ ಬರಂಗಿಲ್ಲಪಾ. ಅದು ಗುಟ್ಟಿನ ವಿಷಯ.”

“ಗುಟ್ಟು ಐತಿ ಅಂದ್ರ ಮಾಡ್ಯಾಳ ಬಿಡ್ರಿ” ಎಂದು ಎದ್ದುಹೋದ.

ನಾನು ನಿಯಮದ ಒಂದಕ್ಷರವನ್ನೂ ಮೀರಿರಲಿಲ್ಲ. ಜಾಹೀರಾತು ನಿಲ್ಲಿಸಿ ಎಂದು ಕಂಪನಿಗೆ ಕರೆ ಮಾಡಿದರೆ, “ರೆಸ್ಪಾನ್ಸ್ ತುಂಬಾ ಚೆನ್ನಾಗಿದೆ ಸರ್, ಯಾಕೆ ನಿಲ್ಲಿಸಬೇಕು?” ಎಂದರು.

ಕೆಲವು ವಾರಗಳ ಮೇಲೆ ಗಂಗಮ್ಮ ತಾಯಿಯೊಡನೆ ಬಂದಳು.

“ಈಗ ಯಾವಾಗ ಬೇಕಾದ್ರೂ ಫೋನ್ ಮಾಡ್ರಿ ಸರ. ತವರಾಗ ಬಿಟ್ಟು ಹೋಗ್ಯಾರ, ಮುಚ್ಚಿಡೂದು ಏನೂ ಉಳಿದಿಲ್ಲ. ಹೊಸ ಗುಳಿಗಿ ಕೊಡ್ರಿ.”

ಗಂಗಾವತಿ, ಕುಷ್ಟಗಿಯ ಕಡೆಯಿಂದ ಬೇಕಾದಷ್ಟು ರೋಗಿಗಳು ಸಿಕ್ಕಿ, ಅಧ್ಯಯನದ ಭರ್ತಿ ಅಷ್ಟರಲ್ಲಿ ಮುಗಿದಿತ್ತು. ಹೇಳಿದೆ.

ತಾಯಿ ನನ್ನನ್ನು ನೋಡಿದಳು. “ಹಂಗಾರ ಆಕೀ ಸಂಸಾರ ಯಾತಕ್ಕ ಕೆಡಿಸಿದ್ರಿ?”

ಈಗ ಯಾವ ಹೊಸ ಅಧ್ಯಯನಕ್ಕೆ ಯಾರೇ ಕರೆ ಮಾಡಲಿ, ರೋಗದ ಮಾತಿಗೂ ಮೊದಲು ಫೋನ್ ಯಾರದೆಂದು ಕೇಳುತ್ತೇನೆ. ಗಂಡನದೆಂದರೆ, ಒತ್ತಿದ ಜಾಹೀರಾತು ಮತ್ತೆ ಬಾರದಂತೆ ಮಾಡುವುದನ್ನು ಹೇಳಿಕೊಡುತ್ತೇನೆ. ಮಾತ್ರೆಯ ಮಾತು ಆಮೇಲೆ. ಕಂಪನಿ ಕೊಡುವ ಪ್ರಶ್ನೆಗಳಲ್ಲಿ ‘ಫೋನ್ ಯಾರದು?’ ಎಂಬುದು ಇನ್ನೂ ಸೇರಿಲ್ಲ.