ಅವ್ವನ ಪಕ್ಕದ ಜಾಗ

ನಾನು ಚಿಕ್ಕವಳಿದ್ದಾಗ ಅಪ್ಪ ಪಾಸ್ಟರಾಗಿದ್ದರು. ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಹೋಗುವ ಕಡೆ, ಬಂಡೆಗುಡ್ಡಗಳ ನಡುವಿನ ಒಂದು ಊರಲ್ಲಿ ನಮ್ಮ ಚರ್ಚು. ಊರಿನ ಹೆಸರು ನನ್ನ ಮೊಮ್ಮಕ್ಕಳಿಗೆ ಗೊತ್ತು, ಇಲ್ಲಿ ಬರೆಯುವುದಿಲ್ಲ. ಅಲ್ಲಿಯೂ ಒಳ್ಳೆಯವರಿದ್ದಾರೆ.

ಅಪ್ಪನ ಬಿಳಿ ನಿಲುವಂಗಿ ಭಾನುವಾರಕ್ಕೆ ಮಾತ್ರ. ಉಳಿದ ದಿನ ಅವರು ಬೆವರು ನಾರುವ ಅಂಗಿಯಲ್ಲಿ ತಾಲ್ಲೂಕು ಕಚೇರಿಯ ಮುಂದೆ ಕೂತಿರುತ್ತಿದ್ದರು. ಜೀತಕ್ಕಿದ್ದವರನ್ನು ಬಿಡಿಸುವುದು ಅವರ ಹಟ. ಜೀತ ಎಂದರೆ ದಣಿಯ ಮನೆಯಲ್ಲಿ ಸಂಬಳವಿಲ್ಲದೆ ವರ್ಷಗಟ್ಟಲೆ ದುಡಿಯುವುದು, ಬಿಟ್ಟು ಹೋಗುವಂತೆಯೂ ಇಲ್ಲ. ಅಪ್ಪ ಹಾಗೆ ಬಿಡಿಸಿ ತಂದವನೊಬ್ಬನ ತಾಯಿಯನ್ನು ನಾವು ಅಜ್ಜಿ ಎನ್ನುತ್ತಿದ್ದೆವು. ಮಗ ಬಿಡುಗಡೆಯಾದ ಮೇಲೆ ಆಕೆ ಪ್ರತಿ ಭಾನುವಾರ ಸಿದ್ದಾಪುರದ ಆಚೆಯ ಹಳ್ಳಿಯಿಂದ ನಡೆದು ಬರುತ್ತಿದ್ದಳು. ಸೆರಗಿನ ಗಂಟಿನಲ್ಲಿ ನಮಗೆ ಹುರಿದ ಶೇಂಗಾ ಇರುತ್ತಿತ್ತು.

ಬೆಂಚು ಖಾಲಿಯಿದ್ದರೂ ಅಜ್ಜಿ ಬಾಗಿಲ ಬಳಿ ನೆಲದ ಮೇಲೆ ಕೂರಬೇಕಿತ್ತು. ಪ್ರಭುಭೋಜನದ ದಿನ ಎಲ್ಲರೂ ಒಂದೇ ಬಟ್ಟಲಿನಿಂದ ದ್ರಾಕ್ಷಾರಸ ಕುಡಿಯುವುದು ನಮ್ಮ ಪದ್ಧತಿ. ಆದರೆ ಅಜ್ಜಿಯ ಸರದಿ ಎಲ್ಲರ ಕೊನೆಗೆ, ಯಾಕೆಂದರೆ ಆಕೆ ಕೇರಿಯವಳು. ಅದು ಚರ್ಚು ನಡೆಸುತ್ತಿದ್ದ ಸಭೆಯ ಹಿರಿಯರು ಮಾಡಿದ್ದ ಕಟ್ಟಳೆ. ಕೊನೆಗೆ ಬಟ್ಟಲಲ್ಲಿ ಉಳಿದದ್ದನ್ನು ಪಾಸ್ಟರು ಕುಡಿದು ಮುಗಿಸುವುದು ಚರ್ಚಿನ ನಿಯಮ. ಅಜ್ಜಿ ಕುಡಿದಾದ ಮೇಲೆ ಅಪ್ಪ ಅದೇ ಬಟ್ಟಲನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಕುಡಿಯುತ್ತಿದ್ದರು. ಹಿರಿಯರು ಆ ಹೊತ್ತಿಗೆ ಸರಿಯಾಗಿ ಕಣ್ಣು ಮುಚ್ಚಿ ಪ್ರಾರ್ಥಿಸುತ್ತಿದ್ದರು. ಎಂಥ ಭಕ್ತಿ ನೋಡಿ.

ಒಂದು ಬೇಸಿಗೆಯ ಬೆಳಿಗ್ಗೆ ಅಜ್ಜಿಯ ಮಗ ಎತ್ತಿನ ಗಾಡಿಯಲ್ಲಿ ಆಕೆಯ ಹೆಣ ತಂದ. ಮೇಲೆ ಕರಿ ಕಂಬಳಿ ಹೊದಿಸಿದ್ದ. ನಮ್ಮ ದೇವರನ್ನು ಬಿಟ್ಟು ಹೋದವಳಿಗೆ ನಮ್ಮ ಮಣ್ಣಿಲ್ಲ ಎಂದು ಅವನ ಕೇರಿಯವರೇ ಕಳಿಸಿಬಿಟ್ಟಿದ್ದರು. ಅವನು ಅಳುತ್ತಿರಲಿಲ್ಲ. ಎತ್ತಿನ ಹಗ್ಗ ಹಿಡಿದು, ಎಲ್ಲಿ ಹೂಳಲಿ ಎಂದಷ್ಟೇ ಕೇಳಿದ. ಅಪ್ಪ ನಮ್ಮ ಸಭೆಯ ಗೋರಿಗಳಿದ್ದ ಜಾಗಕ್ಕೆ ಗಾಡಿ ಹೊಡೆಸಿದರು. ಅಕ್ಕ ಮತ್ತು ನಾನು ಹಿಂದೆ ನಡೆದೆವು. ಬಿಸಿಗಾಳಿಗೆ ಮುಖವೆಲ್ಲ ಧೂಳು.

ನಮಗಿಂತ ಮೊದಲೇ ಸುದ್ದಿ ಹೋಗಿತ್ತು. ಗೇಟಿಗೆ ಬೀಗ, ಬೀಗದ ಮುಂದೆ ಹಿರಿಯರು. ಅವರಲ್ಲಿ ದೊಡ್ಡವರು ತಲೆಯ ಟವೆಲ್ ತೆಗೆದು ಬಹಳ ವಿನಯದಿಂದಲೇ ಹೇಳಿದರು: "ಅಯ್ನೋರೆ, ಪ್ರಾರ್ಥನೆಗೆ ಬರ್ತಿದ್ಲು, ನಾವು ಬ್ಯಾಡ ಅಂದ್ವೇನ್ರಿ? ನಮ್ಮ ಹಿರೇರ ಮಗ್ಗುಲಲ್ಲಿ ಮಲಗ್ಸೋದು ಮಾತ್ರ ಆಗಾಕಿಲ್ಲ. ಜಾಗ ಇಲ್ರಿ."

ಅಪ್ಪ ಜಗಳಕ್ಕೆ ನಿಲ್ಲುತ್ತಾರೆ ಎಂದುಕೊಂಡೆ. ಅವರು ಗೇಟಿನ ಸರಳುಗಳಾಚೆ ಅವ್ವನ ಗೋರಿಯನ್ನೇ ನೋಡುತ್ತಿದ್ದರು. ಅವ್ವ ಹಿಂದಿನ ವರ್ಷ ಜ್ವರದಲ್ಲಿ ತೀರಿಕೊಂಡಿದ್ದಳು. ಪಾಸ್ಟರ ಹೆಂಡತಿಯೆಂದು ಗೋಡೆಯ ಬದಿಗೆ ಒಳ್ಳೆಯ ಜಾಗ ಕೊಟ್ಟು, ಪಕ್ಕದ್ದನ್ನು ಅಪ್ಪನಿಗಾಗಿ ಇದೇ ಹಿರಿಯರು ಕಲ್ಲು ನೆಟ್ಟು ಕಾಯ್ದಿರಿಸಿದ್ದರು. ಗಂಡ ಹೆಂಡತಿಯನ್ನು ಜೊತೆಗೆ ಮಲಗಿಸುವುದು ನಮ್ಮಲ್ಲಿ ವಾಡಿಕೆ.

"ನನ್ನ ಜಾಗ ಐತಲ್ರಿ," ಎಂದರು ಅಪ್ಪ. "ಅಲ್ಲಿ ಮಲಗ್ಲಿ."

ತಾವೇ ಕೊಟ್ಟ ಜಾಗವನ್ನು ಹಿರಿಯರು ಇಲ್ಲ ಎನ್ನುವಂತಿರಲಿಲ್ಲ. ಬೀಗ ತೆಗೆದು, ತಿರುಗಿಯೂ ನೋಡದೆ ಹೊರಟುಹೋದರು. ಅಳತೊಡಗಿದ್ದು ಅಕ್ಕ. ಅವ್ವ ಒಬ್ಬಳೇ ಆಗುತ್ತಾಳೆ ಎಂದು ಅಪ್ಪನ ಕೈ ಹಿಡಿದು ಜಗ್ಗಿದಳು.

"ಒಬ್ಬಳೇ ಹೆಂಗಾಗ್ತಾಳೆ ಮಗಳೇ, ಈಕೆ ಇರ್ತಾಳಲ್ಲ," ಎಂದರು ಅಪ್ಪ.

ಗುಂಡಿ ತೋಡುವವರು ಬರಲಿಲ್ಲ. ಅಪ್ಪ ಮತ್ತು ಅಜ್ಜಿಯ ಮಗ ಹಾರೆ ಹಿಡಿದರು. ಗರಸು ನೆಲ, ಹಾರೆ ಹಾಕಿದರೆ ಕಿಡಿ ಏಳುತ್ತಿತ್ತು. ಅಪ್ಪನ ಅಂಗೈಯ ಬೊಬ್ಬೆ ಒಡೆದು ಹಾರೆಯೆಲ್ಲ ರಕ್ತವಾಯಿತು. ಹಾಡಲು ಅಕ್ಕ ಮತ್ತು ನಾನು ಇಬ್ಬರೇ.

ಮುಂದಿನ ಭಾನುವಾರ ಬೆಂಚುಗಳೆಲ್ಲ ಖಾಲಿ. ಹಿರಿಯರು ಚರ್ಚಿನ ಮೇಲಿನವರಿಗೆ ದೂರು ಕೊಟ್ಟರು, ಮಳೆಗಾಲದೊಳಗೆ ಅಪ್ಪನಿಗೆ ವರ್ಗವಾಯಿತು. ಅಪ್ಪ ಆಮೇಲೂ ಸುಮ್ಮನಾಗಲಿಲ್ಲ. ಹೋದ ಊರಲ್ಲೆಲ್ಲ ಕಚೇರಿಗಳ ಮೆಟ್ಟಿಲು ತುಳಿದರು, ಜನರನ್ನು ಬಿಡಿಸಿದರು. ಮುಪ್ಪಿನಲ್ಲಿ ಅವರಿಗೆ ಶಾಲು ಹೊದಿಸಿ ಹಾರ ಹಾಕಿದವರೂ ಇದ್ದರು. ಚಳ್ಳಕೆರೆಯಲ್ಲಿ ಅವರು ತೀರಿಕೊಂಡ ದಿನ ನಾನೇ ಆ ಊರಿಗೆ ಹೋಗಿ, ಅವ್ವನ ಹತ್ತಿರ ಎಲ್ಲಾದರೂ ಒಂದು ಮೂಲೆ ಕೊಡಿ ಎಂದು ಬೇಡಿಕೊಂಡೆ. ಹೊಸ ಹಿರಿಯರು ಹಳೆಯವರ ಮಕ್ಕಳೇ. "ಅವ್ರ ಜಾಗ ಅವ್ರೇ ಕೊಟ್ಬಿಟ್ರಲ್ಲಮ್ಮ," ಎಂದರು. ಅಪ್ಪನನ್ನು ಚಳ್ಳಕೆರೆಯಲ್ಲೇ ಮಣ್ಣು ಮಾಡಿದೆವು.

ಮಕ್ಕಳೇ, ನೀವು ಶಾಲೆಯಲ್ಲಿ ಒಂದೇ ಬಾಟಲಿಯ ನೀರನ್ನು ಕಚ್ಚಿ ಕುಡಿಯುತ್ತೀರಿ, ಒಬ್ಬರ ಡಬ್ಬಿಗೆ ಇನ್ನೊಬ್ಬರು ಕೈ ಹಾಕುತ್ತೀರಿ. ಅದನ್ನು ಕಂಡರೆ ನನಗೆ ಹೊಟ್ಟೆ ತಣ್ಣಗಾಗುತ್ತದೆ. ಹಾಗೆಂದು ಎಲ್ಲ ಸರಿಹೋಗಿದೆ ಎಂದು ನಿಮಗೆ ಸುಳ್ಳು ಹೇಳಲಾರೆ. ಈಸ್ಟರ್ ದಿನ ಗೋರಿಗಳಿಗೆಂದು ಎರಡೂರು ಯಾಕೆ ಸುತ್ತಬೇಕು ಎಂದು ಕಾರಿನಲ್ಲಿ ಗೊಣಗುತ್ತೀರಲ್ಲ, ಇದಕ್ಕೇ. ಈ ಸಲ ಅವ್ವನ ಪಕ್ಕದ ಗೋರಿಗೂ ಒಂದು ಹಿಡಿ ಹೂ ಹಾಕಿ. ಅಲ್ಲಿ ಅಜ್ಜಿಯ ಹೆಸರು ಹುಡುಕಬೇಡಿ. ಅದನ್ನು ಕೆತ್ತಿಸಲು ಅವರು ಇವತ್ತಿಗೂ ಬಿಟ್ಟಿಲ್ಲ.