ಮಡಿಯ ಹೊತ್ತಿನ ಗೆರೆ

ಅತ್ತೆಯ ಮಣಿಕಟ್ಟಿಗೆ ಡಾಕ್ಟರು ಕಟ್ಟಿಸಿದ್ದು ಕಪ್ಪು ರಬ್ಬರಿನ ಪಟ್ಟಿ. ಅದರ ನಡುವೆ ಬಿಲ್ಲೆಯಂಥ ಯಂತ್ರ, ಯಂತ್ರದ ಬೆನ್ನಿಗೆ ಮಿನುಗುವ ಹಸಿರು ದೀಪ. ಆಗಾಗ ತಲೆಸುತ್ತು ಬಂದು ಕೂತುಬಿಡುತ್ತಿದ್ದ ಅವರ ಎದೆಬಡಿತ ಯಾವ ಹೊತ್ತಿನಲ್ಲಿ ತಪ್ಪುತ್ತಿದೆ ಎಂಬುದನ್ನು ಅದು ಹದಿನೈದು ದಿನ ಬರೆದುಕೊಳ್ಳಬೇಕಿತ್ತು. ಸ್ನಾನಕ್ಕೂ ಬಿಚ್ಚಬಾರದು ಎಂದಿದ್ದರು.

ಮೊದಲ ಬೆಳಿಗ್ಗೆಯೇ ಅತ್ತೆ ಬಿಚ್ಚಿಟ್ಟರು. "ಮಡಿಯೊಳಗ ಈ ರಬ್ಬರು ನಡಿಯೂದಿಲ್ಲವಾ." ಪುಣೆಗೆ ಬಂದು ಮೂವತ್ತು ವರ್ಷವಾದರೂ ಅವರ ಮಡಿ ಧಾರವಾಡದ್ದೇ, ಪೂಜೆ ಮುಗಿಯುವ ತನಕ ನಮ್ಮನ್ನೂ ಮುಟ್ಟುವವರಲ್ಲ. ಐದೇ ನಿಮಿಷಕ್ಕೆ ಹಿಂಜವಾಡಿಯ ಆಫೀಸಿನ ದಾರಿಯಲ್ಲಿದ್ದ ನನ್ನ ಗಂಡನ ಫೋನು ಬಂತು. ಪಟ್ಟಿಗೆ ನಾಡಿ ಸಿಗುತ್ತಿಲ್ಲವೆಂದು ಅವರ ಮೊಬೈಲು ಕೂಗಿಕೊಂಡಿತ್ತಂತೆ.

"ಅವ್ವಗ ಏನಾತು?"

"ಆರಾಮ ಇದ್ದಾರ್ರೀ. ಪಟ್ಟಿ ಸಡ್ಲ ಆಗಿತ್ತು" ಎಂದೆ.

ದೇವರ ಕೋಣೆಯಿಂದ ಅತ್ತೆ ನಕ್ಕರು. "ನೀನ ಕಟ್ಕೋವಾ ಒಂದು ತಾಸು. ನಿನಗೂ ನಾಡಿ ಅದ ಇಲ್ಲೋ? ಅವನ ಜೀವಕ್ಕ ಸಮಾಧಾನ ಆಗ್ತದ."

ಕಟ್ಟಿಕೊಂಡೆ. ಅವರ ಕೈ ಸಣ್ಣದು. ನನಗೆ ಎರಡು ತೂತು ಸಡಿಲಿಸಬೇಕಿತ್ತು. ಹದಿನೈದು ಬೆಳಿಗ್ಗೆಯೂ ಅದೇ ನಡೆಯಿತು.

ಡಾಕ್ಟರು ಗೆರೆಗಳ ಮೇಲೆ ಪೆನ್ನು ಸರಿಸುತ್ತಾ, "ಸಕಾಳೀ ತರ್ ಏಕದಮ್ ಛಾನ್, ಆಜೀ" ಎಂದರು. ಬೆಳಿಗ್ಗೆಯಂತೂ ಬಹಳ ಚೆನ್ನಾಗಿದೆ, ಮಧ್ಯಾಹ್ನ ತುಸು ಏರುಪೇರು, ಹಳೆಯ ಗುಳಿಗೆಯೇ ಸಾಕು. ಅತ್ತೆ ಮೇಜಿನ ಕೆಳಗೆ ನನ್ನ ಕೈ ಚಿವುಟಿದರು, ತುಂಟ ಹುಡುಗಿಯ ಹಾಗೆ. ಪಕ್ಕದಲ್ಲಿ ಗಂಡನ ಮುಖ ಹಗುರಾಗಿತ್ತು. ತುಟಿಗೆ ಬಂದ ಮಾತು ಅಲ್ಲೇ ನಿಂತಿತು. ದೊಡ್ಡವರ ಮಾತಿನ ನಡುವೆ ಬಾಯಿ ಹಾಕಬಾರದು ಎಂದು ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ್ದರು. ಸುಳ್ಳು ಹೇಳಬಾರದೆಂದೂ ಕಲಿಸಿದ್ದರು.

ತಿಂಗಳೊಳಗೆ, ಒಂದು ಬೆಳಿಗ್ಗೆ, ಒದ್ದೆ ಕೂದಲಿನಲ್ಲೇ ಅತ್ತೆ ಹೂವಿನ ಬುಟ್ಟಿಯ ಮೇಲೆ ಕುಸಿದರು. ಮಡಿಯಲ್ಲಿದ್ದಾರಲ್ಲ ಎಂದು ನಾನು ಮುಟ್ಟಲು ಒಂದು ಕ್ಷಣ ಹಿಂಜರಿದೆ. ಮುಟ್ಟಿದಾಗ ಮಣಿಕಟ್ಟಿನಲ್ಲಿ ನಾಡಿ ಇರಲಿಲ್ಲ.

ಗಂಡ ಆ ಗೆರೆಗಳನ್ನು ಫೋನಿನಿಂದ ಅಳಿಸಿಲ್ಲ. ಭಾನುವಾರ ಚಹಾದ ಜೊತೆ ತೆರೆಯುತ್ತಾರೆ, ಬೆಳಗಿನದನ್ನೇ. "ಎಷ್ಟು ಚಂದ ನಡದಿತ್ತು ನೋಡು ಅವ್ವನ ಎದಿ. ಬೆಳಿಗ್ಗೆನ ಹೆಂಗ ನಿಂತೀತು?" ಅವರ ಬೆರಳು ಗೆರೆಯನ್ನು ಮೆಲ್ಲಗೆ ಸವರುತ್ತದೆ. ನಾನು ಬಿಸ್ಕೀಟಿನ ಪುಡಿ ಒರೆಸುತ್ತಾ ಕೂರುತ್ತೇನೆ.

ಹೋದ ಭಾನುವಾರ ಬೆರಳು ಒಂದು ಏರಿನ ಮೇಲೆ ನಿಂತಿತು. ಕೊನೆಯ ದಿನದ ಬೆಳಿಗ್ಗೆ, ಏಳೂ ಇಪ್ಪತ್ತು.

"ಇಲ್ಲೆ ಯಾಕ ಒಮ್ಮೆಲೆ ಜಿಗದದ?"

"ಅವತ್ತ ಹಾಲು ಉಕ್ಕಿತ್ತಲ್ರೀ, ಓಡಿ ಹೋಗಿ..." ಎಂದುಬಿಟ್ಟೆ.

ಅವರು ತಲೆ ಎತ್ತಿದರು. "ಪೂಜಾ ಬಿಟ್ಟು ಅವ್ವ ಹಾಲಿಗೆ ಯಾಕ ಓಡಿದ್ಲು?"

ಚಹಾದ ಮೇಲೆ ಕೆನೆ ಕಟ್ಟುತ್ತಿತ್ತು. ಬಳೆಗಳನ್ನು ಮೇಲೆ ಸರಿಸಿ ಎಡ ಮಣಿಕಟ್ಟನ್ನು ಅವರ ಮುಂದೆ ಇಟ್ಟೆ. "ಓಡಿದಾಕಿ ನಾನ್ರೀ. ಬೆಳಗಿನವು ಎಲ್ಲಾ ನನ್ನವು."

ಅವರು ಬೈಯಲಿಲ್ಲ. ಫೋನಿನ ಗೆರೆಯನ್ನು ಆ ತುದಿಯಿಂದ ಈ ತುದಿಯ ತನಕ ಸರಿಸಿ ಸರಿಸಿ ನೋಡಿದರು.

"ಹಂಗಾದ್ರ ಅವ್ವಂದು ಎಲ್ಲಿ ಅದ?" ಎಂದು ಕೇಳಿದರು.